ಮೊರದೊಳಗಿನ ಊರು

ಲಕ್ವ ಹೊಡೆದ ಮೇಲೆ ಪಕ್ಕದ ಮನೆ ದೊಡ್ಡಮ್ಮನ ಬಲಗೈ ಮುಷ್ಟಿ ಕಟ್ಟಿಕೊಂಡು ಮಡಿಲಲ್ಲಿ ಬಿದ್ದಿರುತ್ತಿತ್ತು. ಎಡಗೈ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಮಾತು ಪೂರ್ತಿ ನಿಂತುಹೋಗಿತ್ತು. ಅಂಥ ಬಾಯಿಗೆ ಬೀಗ ಬಿತ್ತಲ್ಲ ಎಂದು ನನಗೆ ದೇವರ ಮೇಲೇ ಸಿಟ್ಟು ಬಂದಿತ್ತು.

ಆಲ್ದೂರಿನಿಂದ ಸಂಸೆಗೆ ಸೊಸೆಯಾಗಿ ಬಂದ ನನಗೆ ಊರು ತೋರಿಸಿದವರು ಅವರೇ. ಅವರು ದಾರಿ ಹೇಳುವ ರೀತಿಯೇ ಬೇರೆ. "ಹಳ್ಳದಲ್ಲಿ ನಾನು ಜಾರಿ ಬಿದ್ದ ಕಾಲುಸಂಕ ದಾಟು. ನಮ್ಮ ಕೆಂಪು ದನ ಕರು ಹಾಕಿದ ಧರೆ ಸಿಗ್ತದೆ. ಆ ದಿಬ್ಬ ಹತ್ತು ಮಾರಾಯ್ತಿ," ಎನ್ನುತ್ತಿದ್ದರು. ನೀವು ಎಲ್ಲಿ ಬಿದ್ರಿ ಅಂತ ನನಗೇನು ಗೊತ್ತು ಎಂದರೆ, "ನೀನೂ ಒಂದ್ಸಲ ಬೀಳು, ಗೊತ್ತಾಗ್ತದೆ!" ಎಂದು ನಗುತ್ತಿದ್ದರು. ಸಂಜೆಯಾದರೆ ಬೇಲಿ ದಾಟಿ ಬಂದು ನಮ್ಮ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತುಬಿಡುತ್ತಿದ್ದರು.

ಕಾಯಿಲೆ ಬಿದ್ದ ಮೇಲೆ ದಿನಾ ನಾನೇ ಅಲ್ಲಿಗೆ ಹೋಗುತ್ತಿದ್ದೆ. ಅವರು ಸನ್ನೆ ಮಾಡಿ ಮೊರ ತರಿಸಿಕೊಂಡು, ಅದರಲ್ಲಿ ಅಕ್ಕಿ, ಕಾಳುಮೆಣಸು, ಕಾಫಿಬೀಜ ಇಟ್ಟು ಏನೋ ಮಾಡುತ್ತಿದ್ದರು. ಹೊತ್ತು ಹೋಗಲಿ ಎಂದು ಅವರು ಕೇಳಿದ್ದೆಲ್ಲ ಸೊಸೆ ಕೊಡುತ್ತಿದ್ದರು, ಸಂಜೆ ಆರಿಸಿ ಡಬ್ಬಿಗೆ ತುಂಬುತ್ತಿದ್ದರು. ಮರುದಿನ ದೊಡ್ಡಮ್ಮ ಮತ್ತೆ ಮೊದಲಿನಿಂದ ಶುರು. ಆಮೇಲೆ ಮೊರ ತಟ್ಟಿ, ಬಾಗಿಲ ಕಡೆ ಕೈ ತೋರಿಸಿ ಅಳುತ್ತಿದ್ದರು.

"ಎಲ್ಲಿಗೋ ಹೋಗ್ಬೇಕು ಅಂತಾರೆ ಕಾಣ್ತದೆ," ಎಂದು ಮಗ ಜೀಪಿನಲ್ಲಿ ಕಳಸದ ದೇವಸ್ಥಾನಕ್ಕೆ ಕರೆದೊಯ್ದರು. ಅವರ ತವರಿಗೂ ಕರೆದೊಯ್ದರು. ಎರಡು ಸಲವೂ ಮನೆಗೆ ಬಂದೊಡನೆ ದೊಡ್ಡಮ್ಮ ಮೊರ ಕೇಳಿದರು. ಪಾಪ, ಮಗನಿಗೆ ಸಾಕುಬೇಕಾಗಿತ್ತು.

ಒಂದು ಮಧ್ಯಾಹ್ನ ನಾನು ಪಕ್ಕದಲ್ಲೇ ಕೂತು ನೋಡಿದೆ. ಅಕ್ಕಿಯ ಸಾಲು ಹಿಂದಿನ ದಿನ ತಿರುಗಿದಲ್ಲೇ ತಿರುಗಿತು. ಅದು ನಮ್ಮ ಹಳ್ಳ! ಮೆಣಸಿನ ಸಾಲು ದಾರಿ, ಕಾಫಿಬೀಜ ಇದ್ದಲ್ಲಿ ತೋಟ. ಹಳ್ಳದ ಮೇಲೊಂದು ಲವಂಗ, ಅವರು ಜಾರಿ ಬಿದ್ದ ಸಂಕ.

"ದೊಡ್ಡಮ್ಮ, ಇದು ನಮ್ಮೂರಲ್ವಾ?" ಎಂದೆ.

ಅವರು ನನ್ನ ಕೈ ಹಿಡಿದ ಬಿಗಿಗೆ ಬಳೆ ಒಡೆಯಿತು. ಮಾತು ಕಳೆದುಕೊಂಡ ಜೀವ ತಾನು ಬದುಕಿದ ಲೋಕವನ್ನೇ ತಂದು ಒಂದು ಮೊರದಲ್ಲಿ ಇಟ್ಟಿತ್ತು. ನಾವು ಅದನ್ನು ದಿನಾ ಡಬ್ಬಿಗೆ ತುಂಬುತ್ತಿದ್ದೆವು. ಅಂಥದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಕಳಸಕ್ಕೆ ಅಂಚಿನಲ್ಲಿ ಒಂದು ಸಾಸಿವೆ ಕಾಳು, ಅಷ್ಟೇ. ಅವರ ಮನೆಯ ಮಗ್ಗುಲಲ್ಲಿ, ಬೇಲಿಯಾಚೆ, ಎಲ್ಲಕ್ಕಿಂತ ದೊಡ್ಡದಾಗಿ ಒಂದು ಇಡೀ ಜಾಯಿಕಾಯಿ. ಅದರ ಮೇಲೆ ಬೆರಳಿಟ್ಟು ನನ್ನನ್ನೇ ನೋಡಿದರು.

ಅದು ನಮ್ಮ ಅಡುಗೆಮನೆ.

ಅವರ ಮಗ, ನನ್ನ ಗಂಡ ಸೇರಿ ಕುರ್ಚಿ ಸಮೇತ ಎತ್ತಿ ತಂದರು. ದೊಡ್ಡಮ್ಮ ಒಲೆ, ನಾಗಂದಿಗೆ, ಕಿಟಕಿ ಒಂದೊಂದನ್ನೂ ನೋಡಿ, ಕಾಫಿ ಕುಡಿದು, ಗೋಡೆಗೆ ತಲೆಯಾನಿಸಿ ಮಗುವಿನ ಹಾಗೆ ನಿದ್ದೆ ಹೋದರು. ಆ ಮಳೆಗಾಲವೆಲ್ಲ ದಿನಾ ಹಾಗೇ ಹೊತ್ತು ತಂದೆವು. ದೀಪಾವಳಿಗೆ ಮುಂಚೆ ತೀರಿಕೊಂಡರು.

ಅಷ್ಟು ವರ್ಷವೂ ನಾನು ಅದನ್ನು ಗಂಡನ ಮನೆಯ ಹೊಗೆ ಹಿಡಿದ ಕೋಣೆ ಎಂದೇ ತಿಳಿದಿದ್ದೆ. ಒಬ್ಬರ ಲೋಕದಲ್ಲಿ ಅದಕ್ಕಿಂತ ದೊಡ್ಡ ಜಾಗ ಇನ್ನೊಂದಿರಲಿಲ್ಲ ಎಂದು ಅವರು ನನಗೆ ತೋರಿಸಿ ಹೋದರು.