ಭೂಚಕ್ರಕ್ಕೆ ಒಂದಿಷ್ಟು ನುಣುಪು ನೆಲ

ಪಟಾಕಿ ಅಂಗಡಿಯವರು ನನ್ನನ್ನು ಗಿರಾಕಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಐವತ್ತು ದಾಟಿದ, ನೋಡಿದ ಕೂಡಲೇ ಸಾಲಿ ಅಕ್ಕೋರು ಅಂತ ಗೊತ್ತಾಗುವ ಹೆಂಗಸು ಬಂದು ಬರೀ ಭೂಚಕ್ರದ ಡಬ್ಬಿಗಳನ್ನೇ ತೆಗೆಸಿ, ಕನ್ನಡಕ ಹಣೆಗೇರಿಸಿ ಒಂದೊಂದನ್ನೂ ತಿರುವಿ ನೋಡುತ್ತ ನಿಂತರೆ ಅವರಾದರೂ ಏನು ಮಾಡಬೇಕು? ಹೋದ ದೀಪಾವಳಿಗೆ ಮೈದಾನದಲ್ಲಿ ತಗಡಿನ ಅಂಗಡಿ ಹಾಕಿದ್ದವನೊಬ್ಬ ಕೇಳಿಯೇ ಬಿಟ್ಟ.

"ಮೊಮ್ಮಕ್ಕಳಿಗೇನ್ರಿ ಅಕ್ಕೋರ?"

"ಅಲ್ಲಪಾ, ನನಗ."

ಅವನು ನಕ್ಕ. "ನಿಮಗಾದ್ರ ಶಾಟ್ಸ್ ತಗೊಳ್ರಿ. ಮ್ಯಾಲ ಹೋಗಿ ಹೆಂಗ ಅರಳತಾವ ನೋಡ್ರಿ. ಈ ಚಕ್ರದಾಗ ಏನೈತಿ?"

"ಇದು ಬಣ್ಣ ಬದಲಸ್ತೈತೇನು?"

"ಡಬ್ಬಿ ಮ್ಯಾಲ ಚಿತ್ರಾನ ಐತಲ್ರಿ."

ಚಿತ್ರ ಯಾವಾಗಲೂ ಇರುತ್ತದೆ. ಬಂಗಾರ, ಹಸಿರು, ಕೆಂಪು ಮೂರೂ ಬಣ್ಣ ಚೆಲ್ಲುತ್ತಿರುವ ಚಕ್ರ. ಮನೆಗೆ ತಂದು ಹಚ್ಚಿದರೆ ಶುರುವಿನಿಂದ ಕೊನೆಯ ತನಕ ಸುಣ್ಣದಂಥ ಒಂದೇ ಬಿಳುಪು. ಹಿಂಗೆ ಎಷ್ಟು ಡಬ್ಬಿ ತಂದು ಎಷ್ಟು ಸಲ ಮೋಸ ಹೋಗಿದ್ದೇನೋ ನನಗೇ ನೆನಪಿಲ್ಲ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಅಂಗೈಯ ಕುಳಿಯಲ್ಲಿ ಕೂಡುವಷ್ಟು ಸಣ್ಣ ಚಕ್ರ. ಹಚ್ಚಿದ ಕೂಡಲೇ ಬಂಗಾರದ ಕಿಡಿ ಉಗುಳುತ್ತ ವೇಗ ಹಿಡಿಯಬೇಕು, ಆಮೇಲೆ ಹಸಿರಾಗಬೇಕು, ಕೊನೆಗೆ ಕೆಂಪು. ಹಸಿರಿಗೂ ಕೆಂಪಿಗೂ ನಡುವೆ ಬೆಳಕು ಒಮ್ಮೆ ಪೂರ್ತಿ ಕುಗ್ಗುತ್ತದೆ. ತಿರುಗುವ ಸರ್ ಸಪ್ಪಳ ಮಾತ್ರ ಕೇಳುತ್ತಿರುತ್ತದೆ. "ಹೋತು, ಆರಿತು" ಅನ್ನುವ ಮಾತು ಬಾಯಿಗೆ ಬರುವುದರೊಳಗೆ ಕೆಂಪು ಭಗ್ಗನೆ ಹೊತ್ತಿಕೊಳ್ಳುತ್ತದೆ. ವರ್ಷವಿಡೀ ನಾನು ಕಾಯುವುದು ಅಷ್ಟಕ್ಕೇ.

ಈ ಹುಚ್ಚು ಹಿಡಿದದ್ದು ಧಾರವಾಡದಲ್ಲಿ ನಾವು ಬಾಡಿಗೆಗಿದ್ದ ಮನೆಯ ಅಂಗಳದಲ್ಲಿ. ಅಪ್ಪ ಪಟಾಕಿ ಹಂಚುವಾಗ ಸದ್ದು ಮಾಡುವಂಥವೆಲ್ಲ ಅಣ್ಣಂದಿರ ಪಾಲು. ಸುರಸುರಬತ್ತಿ, ಚಕ್ರ ಹೆಣ್ಣುಮಕ್ಕಳ ಪಾಲು, ಅಂದರೆ ಅಕ್ಕನದು ಮತ್ತು ನನ್ನದು. ಅಕ್ಕನಿಗೆ ಅದರ ಬಗ್ಗೆ ಸಿಟ್ಟಿತ್ತು, ತಾನೂ ಬಾಂಬು ಹಚ್ಚಬೇಕೆಂದು ಜಗಳ ತೆಗೆಯುತ್ತಿದ್ದಳು. ನನಗೆ ಮಾತ್ರ ಸಿಕ್ಕಿದ್ದೇ ಇಷ್ಟವಾಗಿ ಹೋಯಿತು. ಅಂಗಳಕ್ಕೆ ಫರಸಿ ಹಾಸಿದ್ದರು. ಕಾಲಾಡಿ ಕಾಲಾಡಿ ಆ ಕಲ್ಲು ಗಾಜಿನಷ್ಟು ನುಣುಪಾಗಿತ್ತು. ಅದರ ಮೇಲೆ ಚಕ್ರ ಇಟ್ಟರೆ ಇಟ್ಟಲ್ಲೇ ತಿರುಗುತ್ತಿತ್ತು, ಬೆರಳಗಲವೂ ಸರಿಯುತ್ತಿರಲಿಲ್ಲ.

ಆಗ ನೆಲದ ಬಗ್ಗೆ ಯೋಚನೆಯೇ ಇರಲಿಲ್ಲ. ನೆಲ ಇದ್ದೇ ಇರುತ್ತದೆ ಅಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ ನಾವು ಬೈರಿದೇವರಕೊಪ್ಪದಲ್ಲಿ ಫ್ಲ್ಯಾಟ್ ತಗೊಂಡು ಬಂದೆವು. ಮೊದಲ ದೀಪಾವಳಿಯ ಸಂಜೆ ಲಕ್ಷ್ಮೀಪೂಜೆ ಮುಗಿಸಿ, ಬಿಸಿಲಿಗೆ ಹಾಕಿ ಇಟ್ಟಿದ್ದ ಚಕ್ರಗಳನ್ನು ತಗೊಂಡು ಕೆಳಗೆ ಇಳಿದೆ. ಪಾರ್ಕಿಂಗಿನ ತುಂಬ ಪೇವರ್ಸ್ ಕೂಡಿಸಿದ್ದರು. ಸಿಮೆಂಟಿನ ಆ ಬಿಲ್ಲೆಗಳ ನಡುವೆ ಬೆರಳು ಹೋಗುವಂಥ ಸಂದು. ಹಚ್ಚಿದ ಚಕ್ರ ಎರಡು ಸುತ್ತು ತಿರುಗಿ ಸಂದಿಗೆ ಸಿಕ್ಕಿತು, ಮೈ ಝಾಡಿಸಿ ಚಂಗನೆ ಹಾರಿ ಅಸೋಸಿಯೇಷನ್ ಸೆಕ್ರೆಟರಿಯವರ ಕಾರಿನ ಕೆಳಗೆ ನುಗ್ಗಿತು. ಹಸಿರು ಬೆಳಕು ಕಾರಿನಡಿಯಿಂದ ಹೊರಗೆ ಚೆಲ್ಲುತ್ತಿದ್ದಾಗಲೇ ಅವರು ಹೆಂಡತಿಯೊಡನೆ ಲಿಫ್ಟಿನಿಂದ ಹೊರಬಂದರು.

"ಅಕ್ಕೋರ, ಏನ್ ಮಾಡಾಕತ್ತೀರಿ? ಪೆಟ್ರೋಲ್ ಟ್ಯಾಂಕ್ ಐತ್ರಿ ಅಲ್ಲಿ!"

ಅವರು ಹೆದರಿದ್ದು ತಪ್ಪೇನಲ್ಲ. ನಾನೂ ಹೆದರಿದ್ದೆ. ಬಕೆಟ್ ನೀರು ಸುರಿದು ಆರಿಸಿದೆವು. ಮರುವಾರವೇ ಲಿಫ್ಟಿನಲ್ಲಿ ಹೊಸ ನಿಯಮ ಅಂಟಿಸಿದರು: ಪಟಾಕಿ ಏನಿದ್ದರೂ ಟೆರೇಸಿನ ಮೇಲೆ.

ಮುಂದಿನ ವರ್ಷ ಟೆರೇಸಿಗೆ ಹೋದೆ. ಅಲ್ಲಿ ಬಿಸಿಲು ತಡೆಯಲು ಬಳಿದ ಬಿಳಿ ಬಣ್ಣ ಉಪ್ಪುಕಾಗದದ ಹಾಗೆ ತರಿತರಿಯಾಗಿತ್ತು. ಸಾಲದ್ದಕ್ಕೆ ಮಳೆನೀರು ಹರಿಯಲೆಂದು ಕೊಟ್ಟ ಇಳಿಜಾರು. ಚಕ್ರ ಕುಂಟುತ್ತ ಕುಂಟುತ್ತ ಇಳಿದು ನೀರು ಹೋಗುವ ತೂತಿನ ಬಾಯಿಗೆ ಸೇರಿ ಆರಿತು. ಸುತ್ತ ನಿಂತವರು ಯಾರೂ ಅದನ್ನು ನೋಡಲಿಲ್ಲ. ಎಲ್ಲರ ಮುಖವೂ ಆಕಾಶದ ಕಡೆಗಿತ್ತು. ಪಕ್ಕದ ಫ್ಲ್ಯಾಟಿನವರ ಶಾಟ್ಸ್ ಒಂದರ ಹಿಂದೊಂದು ಮೇಲೆ ಸಿಡಿಯುತ್ತಿದ್ದವು.

ನನ್ನ ಗೊಣಗಾಟ ಕೇಳಲಾರದೆ ನಮ್ಮವರು ತಮ್ಮನಿಗೆ ಫೋನು ಹಚ್ಚಿದರು. ನನ್ನ ಮೈದುನನದು ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. "ವೈನಿಗೆ ಒಂದು ತಗಡಿನ ಪತ್ರಾ ಬೇಕಂತ, ಸಪಾಟ ಇರ್ಬೇಕು" ಎಂದು ಹೇಳಿದರು. ಅವನು ಪಾಪ, ಮಂಚದಷ್ಟಗಲದ ತಗಡಿನ ಹಾಳೆಯೊಂದನ್ನು ಟೆಂಪೋದಲ್ಲಿ ಹಾಕಿಸಿ ತಂದ. ಲಿಫ್ಟಿನಲ್ಲಿ ಹಿಡಿಯಲಿಲ್ಲ. ಅಣ್ಣತಮ್ಮ ಇಬ್ಬರೂ ಮೆಟ್ಟಿಲ ತಿರುವಿನಲ್ಲೆಲ್ಲ ಗೋಡೆಗೆ ಗೀರು ಹಾಕುತ್ತ ಅದನ್ನು ಮೇಲಕ್ಕೆ ಹೊತ್ತರು. ಹಾಸಿ ನೋಡಿದರೆ ನಡುವೆ ಉಬ್ಬು. ಒಂದು ಕಡೆ ತುಳಿದು ತಗ್ಗಿಸಿದರೆ ಡಬ್ ಅಂತ ಇನ್ನೊಂದು ಕಡೆ ಏಳುತ್ತಿತ್ತು. ಚಕ್ರ ಉಬ್ಬಿನ ನೆತ್ತಿಯಿಂದ ಜಾರಿ, ತಗಡಿನ ಅಂಚು ದಾಟಿ ಹೋಯಿತು.

"ಸುಮ್ನ ಒಂದು ಹೂಕುಂಡಾ ಹಚ್ಚಬಾರದೇನ," ಅಂದರು ನಮ್ಮವರು, ಸೊಂಟ ಹಿಡಿದುಕೊಂಡು. "ಇಟ್ಟಲ್ಲೇ ಇರತೈತಿ."

ನನಗೆ ಅಳು ಬರುವಂತಾಗಿತ್ತು. ಇಂಥದಕ್ಕೆ ಅಳುವುದು ಹೇಗೆ ಎಂದು ಉಳಿದ ಚಕ್ರಗಳನ್ನು ಡಬ್ಬಿಗೆ ತುಂಬಿದೆ.

ಅಕ್ಕನ ಮನೆ ನೆನಪಾದದ್ದು ಹೋದ ವರ್ಷ. ಧಾರವಾಡದಲ್ಲಿ ಅವಳ ಮನೆಯ ಮುಂದೆಯೂ ನಾವು ಆಡಿದ ಅಂಗಳದಂಥದೇ ಫರಸಿ ಇತ್ತು. ಯಾಕೆ ಇಷ್ಟು ದಿನ ಹೊಳೆಯಲಿಲ್ಲವೋ! ಹಬ್ಬದಲ್ಲಿ ಅವರವರ ಮನೆಯ ಪೂಜೆ ಬಿಟ್ಟು ಹೋಗುವುದು ಆಗುತ್ತಿರಲಿಲ್ಲ, ಅದಕ್ಕೇ ಇರಬೇಕು. ಫೋನು ಮಾಡಿದೆ.

"ಪಾಡ್ಯಾದ ದಿನ ನಿಮ್ಮ ಮನಿಗೆ ಬರ್ತೇನಿ ನೋಡವಾ."

"ಬಾ ಬಾ. ನಿನಗ ಒಂದು ತೋರ್ಸೂದೈತಿ. ಈಗ ಹೇಳೂದಿಲ್ಲ," ಅಂದಳು ಖುಷಿಯಿಂದ.

ಆ ಸಲ ಚಕ್ರಗಳೂ ಚಲೋ ಸಿಕ್ಕಿದ್ದವು. ನನ್ನನ್ನು ನೋಡಿ ನಕ್ಕ ಆ ಅಂಗಡಿಯವನ ಡಬ್ಬಿಯೇ. ಒಂದನ್ನು ಪರೀಕ್ಷೆಗೆಂದು ಅಡುಗೆಮನೆಯ ಕಟ್ಟೆಯ ಮೇಲೆ ಹಚ್ಚಲು ಹೊರಟಿದ್ದೆ, ನಮ್ಮವರು ಕೈ ಹಿಡಿದು ನಿಲ್ಲಿಸಿದರು. ಕೊನೆಗೆ ಟೆರೇಸಿನಲ್ಲೇ ಹಚ್ಚಿದೆ. ಇಳಿಜಾರಿನಲ್ಲಿ ಉರುಳುತ್ತಲೇ ಬಂಗಾರ ಹೋಗಿ ಹಸಿರಾಯಿತು. ಅಷ್ಟರಲ್ಲಿ ತೂತಿಗೆ ಬಿತ್ತು. ಆದರೆ ಹಸಿರಂತೂ ನಿಜ. ಒಳಗೆ ಕೆಂಪೂ ಇರಲೇಬೇಕು.

ಪಾಡ್ಯದ ಮಧ್ಯಾಹ್ನ ಚಕ್ಕಲಿ, ಉಂಡಿಯ ಫರಾಳದ ಡಬ್ಬಿಯನ್ನು ಸ್ಕೂಟಿಯ ಮುಂದೆ, ಚಕ್ರದ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಂಡು ಹೊರಟೆ. ನವನಗರ ದಾಟುವಾಗ ಮೋಡ ಕವಿದಿತ್ತು. ಅಕ್ಕನ ಓಣಿಯಲ್ಲಿ ನೀರಿನ ಪೈಪು ಹಾಕಲೆಂದು ರಸ್ತೆ ಅಗೆದಿದ್ದರು. ಕೆಂಪು ಮಣ್ಣಿನ ಗುಡ್ಡೆಗಳ ನಡುವೆ ಸ್ಕೂಟಿ ತಳ್ಳುತ್ತ ಗೇಟಿಗೆ ಬಂದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹೊಸ್ತಿಲ ಎರಡೂ ಬದಿಗೆ ಪಾಡ್ಯಕ್ಕೆ ಮಾಡುವ ಸಗಣಿಯ ಪಾಂಡವರ ಗೊಂಬೆಗಳನ್ನು ಕೂಡಿಸಿ ಹೂ ಏರಿಸಿದ್ದಳು.

"ಹೆಂಗ ಆಗೇತಿ?" ಅಂದಳು, ಕೈ ಚಾಚಿ.

ಅಂಗಳದ ತುಂಬ ಪೇವರ್ಸ್. ಕೆಂಪು, ಬೂದು, ಕೆಂಪು, ಬೂದು. ನಮ್ಮ ಪಾರ್ಕಿಂಗಿನಲ್ಲಿದ್ದಂಥವೇ, ಅದೇ ಸಂದುಗಳು.

ಹೆಲ್ಮೆಟ್ ತೆಗೆಯುವುದೂ ನೆನಪಾಗಲಿಲ್ಲ. "ಫರಸಿ ಎಲ್ಲಿ?" ಅಂತ ಕೇಳಿದೆ.

"ಕಿತ್ತಿಸಿ ಬಿಟ್ವಿ. ಕಾಂಟ್ರಾಕ್ಟರನೇ ಒಯ್ದ. ಚಲೋ ಕಾಣತೈತಿಲ್ಲೋ?"

"ಯಾಕ ಕಿತ್ತಿಸಿದಿ ಅಕ್ಕಾ? ಅಷ್ಟು ಚಂದ ಕಲ್ಲು!"

ನನ್ನ ದನಿ ಏರಿತ್ತು. ಅಕ್ಕನ ಮುಖ ಬಾಡಿತು. ನಾನು ಸೀಟು ಎತ್ತಿ ಡಬ್ಬಿ ತೆಗೆದು ತೋರಿಸಿದೆ, ಇದಕ್ಕಾಗಿಯೇ ಬಂದೆ ಅಂದೆ. ಅದನ್ನು ಹೇಳಬಾರದಿತ್ತು.

"ಅಂದ್ರ ನನ್ನ ನೋಡಾಕ ಬಂದಿಲ್ಲ ನೀ," ಅಂದಳು. "ಮಳಿಗಾಲದಾಗ ಅದೇ ಫರಸಿ ಮ್ಯಾಲ ಜಾರಿ ಬಿದ್ದು ಕೈ ಮುರಕೊಂಡೆ. ಪ್ಲಾಸ್ಟರ್ ಹಾಕ್ಕೊಂಡು ಕುಂತಾಗ ನೀನ ಬಂದು ಊಟಾ ಮಾಡ್ಸಿ ಹೋದಿ. ಮರತಿ ಏನು? ನಿನಗ ಆ ಕಲ್ಲು ಚಂದ. ನನಗ ಅಂಗಳಕ್ಕ ಕಾಲಿಡಾಕ ಅಂಜಿಕಿ ಆಕ್ಕಿತ್ತು."

ನನಗೆ ಮರೆತಿರಲಿಲ್ಲ. ಆದರೆ ಎರಡನ್ನೂ ಜೋಡಿಸಿ ಯೋಚಿಸಿರಲೂ ಇಲ್ಲ. ಅವಳ ಮಾತು ಪೂರಾ ಖರೆ. ಅದರಿಂದ ಸಿಟ್ಟು ಕಡಿಮೆಯಾಗುವ ಬದಲು ಇನ್ನೂ ಹೆಚ್ಚಾಯಿತು. ಯಾರದಾದರೂ ತಪ್ಪಿದ್ದರೆ ಬೈದು ಹಗುರಾಗಬಹುದಿತ್ತು.

ಊಟಕ್ಕೆ ಕೂತಾಗ ಇಬ್ಬರೂ ಬಿಗುವಿನಲ್ಲೇ ಇದ್ದೆವು. ಹೋಳಿಗೆಯ ಮೇಲೆ ತುಪ್ಪ ಹಾಕುವಾಗ ಅಕ್ಕ "ಸಾಕೇನು?" ಅಂತಷ್ಟೇ ಕೇಳಿದಳು, ನಾನು "ಸಾಕು" ಅಂತಷ್ಟೇ ಅಂದೆ. ಅವಳ ಗಂಡ ಇಬ್ಬರ ಮುಖವನ್ನೂ ನೋಡಿ ಬೇಗ ಕೈತೊಳೆದು ಎದ್ದರು. ಸ್ವಲ್ಪ ಹೊತ್ತಿಗೆ ಒಳಗಿನ ಖೋಲಿಯಿಂದ ಕೇರಂ ಬೋರ್ಡು ಎತ್ತಿಕೊಂಡು ಬಂದರು.

"ಇದರ ಮ್ಯಾಲ ಹಚ್ಚಿ ನೋಡೋಣೇನವಾ? ಇದಕ್ಕಿಂತ ನುಣಪ ಬ್ಯಾರೆ ಇಲ್ಲ ನಮ್ಮ ಮನ್ಯಾಗ."

"ಬೋರ್ಡು ಸುಡ್ತೈತ್ರಿ! ತಲಿ ಐತೋ ಇಲ್ಲೋ ನಿಮಗ?" ಅಕ್ಕ ಒಳಗಿಂದಲೇ ಕೂಗಿದಳು. ಆಮೇಲೆ ಪಾತ್ರೆ ಸರಿಸುವ ಸಪ್ಪಳವಾಯಿತು. ಹೊರಗೆ ಬಂದವಳ ಕೈಯಲ್ಲಿ ಹೋಳಿಗೆಯ ಕಣಕ ನಾದುವ ಸ್ಟೀಲಿನ ದೊಡ್ಡ ಪರಾತ. ಅದನ್ನು ಅಂಗಳದ ನಡುವೆ ಇಟ್ಟಳು. ಅಲುಗಾಡದಂತೆ ಕೆಳಗೆ ಒದ್ದೆ ಗೋಣಿಚೀಲ ಹಾಸಿದಳು.

ಕತ್ತಲಾಗುವ ತನಕ ಕಾಯಲು ಆಗಲಿಲ್ಲ, ಮಳೆ ಹನಿಯುವ ಲಕ್ಷಣವಿತ್ತು. ಮೊದಲ ಚಕ್ರದ ಬಾಲ ಬಿಡಿಸಿ ಪರಾತಿನ ನಡುವೆ ಇಟ್ಟು ಸುರಸುರಬತ್ತಿ ಮುಟ್ಟಿಸಿದೆ. ಅದು ತಿರುಗಿತು! ಪರಾತ ಗಂಟೆಯ ಹಾಗೆ ಝೇಂಕರಿಸತೊಡಗಿತು. ಬಂಗಾರದ ಕಿಡಿಗಳು ಸ್ಟೀಲಿನಲ್ಲಿ ಎರಡರಷ್ಟಾಗಿ ಕಂಡವು. ಅಕ್ಕ ಬಾಯಿಗೆ ಸೆರಗು ಹಿಡಿದು ಬಗ್ಗಿ ನೋಡುತ್ತಿದ್ದಳು. ಹಸಿರಾಯಿತು. ಬೆಳಕು ಕುಗ್ಗತೊಡಗಿತು, ಚಕ್ರ ಮೆಲ್ಲಗೆ ಪಕ್ಕಕ್ಕೆ ಸರಿಯಿತು, ಪರಾತಿನ ಅಂಚಿಗೆ ಠಣ್ ಎಂದು ಬಡಿದು ಬೋರಲಾಗಿ ಬಿದ್ದು ಆರಿತು.

"ಚಂದಿತ್ತಲ್ಲ!" ಅಂದಳು ಅಕ್ಕ.

"ಕೆಂಪು ಬರಲಿಲ್ಲ."

"ಹಸರು ಬಂತಲ್ಲ?"

"ಕೆಂಪು ಬರಲಿಲ್ಲ ಅಕ್ಕಾ."

ಎರಡನೆಯದು ಹಾಗೆಯೇ ಅಂಚಿಗೆ ಹೋಯಿತು. ಮೂರನೆಯದಕ್ಕೆ ಅವಳ ಗಂಡ ಇಕ್ಕಳ ಹಿಡಿದು, ಸರಿದರೆ ಒಳಗೆ ತಳ್ಳುತ್ತೇನೆಂದು ಕೂತರು. ತಳ್ಳಿದ ಕೂಡಲೇ ಅದು ಇಕ್ಕಳಕ್ಕೆ ಬಡಿದು ಪಾಂಡವರ ಮೇಲೆ ಹಾರಿತು. ಅಕ್ಕ ಚೀರಿದಳು. ಅಷ್ಟರಲ್ಲಿ ಮಳೆ ದಪ್ಪ ದಪ್ಪ ಹನಿಯಾಗಿ ಬಂದೇ ಬಿಟ್ಟಿತು. ಪರಾತಿನ ತಳದಲ್ಲಿ ಕಪ್ಪು ಬಳೆಗಳು ಮೂಡಿದ್ದವು. ಅಕ್ಕ ಅಲ್ಲಿಯೇ ಕೂತು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು. ನಾನು ತಿಕ್ಕುತ್ತೇನೆ ಎಂದು ಕೈಚಾಚಿದರೆ ಕೊಡಲಿಲ್ಲ.

ಹೊರಡುವಾಗ ಉಳಿದ ಚಕ್ರಗಳನ್ನು ಅವಳ ಮನೆಯಲ್ಲೇ ಬಿಟ್ಟೆ. ಮಳೆಯಲ್ಲಿ ಒಯ್ದು ತೋಯಿಸುವುದಕ್ಕಿಂತ ವಾಸಿ ಅಂದೆ. ನಿಜವಾಗಿ, ಅವನ್ನು ನೋಡುವುದೇ ನನಗೆ ಬೇಡವಾಗಿತ್ತು. ಮನೆಗೆ ಬಂದಾಗ ನಮ್ಮವರು ಬಾಗಿಲಲ್ಲೇ ಕೇಳಿದರು, "ಆತೇನು?" ನಾನು ಒದ್ದೆ ಸೀರೆ ಹಿಂಡುತ್ತ ಒಳಗೆ ಹೋದೆ. ಅವರು ಚಹಾಕ್ಕೆ ಇಟ್ಟರು.

ತುಳಸಿ ಲಗ್ನದ ಸಂಜೆ ನಾನು ಪರೀಕ್ಷೆ ಪೇಪರು ತಿದ್ದುತ್ತ ಕೂತಿದ್ದಾಗ ಅಕ್ಕನ ಫೋನು ಬಂತು. ಹಿಂದೆ ಗದ್ದಲ, ನಗು.

"ಏ, ನಿನ್ನ ಚಕ್ರಾ ಹಚ್ಚಿದ್ವಿ! ಪೈಪ್ ಹಾಕಿ ಗುಂಡಿ ಮುಚ್ಚಿ ಮ್ಯಾಲ ಸಿಮೆಂಟ್ ಸಾರಿಸ್ಯಾರ ನೋಡು ಗೇಟಿನ ಮುಂದ. ಕನ್ನಡಿ ಆಗೇತಿ. ಅಲ್ಲೆ ಇಟ್ವಿ. ಒಂದಂತೂ ಕಡೀತನಾ ಇಟ್ಟಲ್ಲೇ ತಿರಗಿತು. ಹಸರು ಆರಿ, ಹೋತು ಅನ್ನೂದ್ರಾಗ ಕೆಂಪ ಆತು! ಖರೇನ ಭಾಳ ಚಂದ ಐತಿ ಅದು. ನೀ ಹೇಳೂದು ಈಗ ತಿಳೀತು ನನಗ."

"ಇನ್ನ ಎಷ್ಟು ಉಳದಾವು?"

"ಉಳಿದಿಲ್ಲವಾ. ಓಣ್ಯಾಗಿನವ್ರೆಲ್ಲ ಕೂಡಿ ಎಲ್ಲಾ ಹಚ್ಚಿ ಬಿಟ್ವಿ. ತಡಿ, ವಿಡಿಯೋ ಕಳಸ್ತೇನಿ."

ವಿಡಿಯೋ ಬಂತು. ಜನರ ಕಾಲು ಕಂಡವು, ಆಮೇಲೆ ನೆಲದ ಮೇಲೆ, ಅಷ್ಟು ಬೆಳಕಿಗೆ ಕ್ಯಾಮೆರಾ ಕುರುಡಾದಂತೆ, ಒಂದು ಬಿಳಿ ಉಂಡೆ. ಉಂಡೆ ಬಿಳಿಯಾಗಿಯೇ ಹುಟ್ಟಿ, ಬಿಳಿಯಾಗಿಯೇ ತುಸು ಸಣ್ಣದಾಗಿ, ಮತ್ತೆ ಬಿಳಿಯಾಗಿಯೇ ಉಬ್ಬಿತು. ಅಕ್ಕನ ದನಿ ಮಾತ್ರ "ಕೆಂಪು, ಕೆಂಪು!" ಎಂದು ಕೂಗುತ್ತಿತ್ತು. ಮತ್ತೊಮ್ಮೆ ಹಾಕಿ ನೋಡಿದೆ. ಪರದೆಯ ಬೆಳಕು ಕಡಿಮೆ ಮಾಡಿ ನೋಡಿದೆ. ಅವಳು ಮತ್ತೆ ಫೋನು ಮಾಡಿದಳು.

"ಕಾಣಸ್ತೇನು ಕೆಂಪು?"

"ಇಲ್ಲಕ್ಕಾ. ಬರೇ ಬಿಳೇದು ಕಾಣತೈತಿ."

"ಹಂಗಾರ ನಿನ್ನ ಫೋನ್ ಸರಿ ಇಲ್ಲ," ಅಂದಳು. "ಇರ್ಲಿ, ಅವಲಕ್ಕಿ ಹಚ್ಚಿಟ್ಟೇನಿ, ಐತ್ವಾರ ಬಂದು ಒಯ್ಯಿ."