ವನ್ನಾಳ ಮುಖದ ಗಾರೆ

ಗುಬ್ಬಿಯೊ ಪಟ್ಟಣದಲ್ಲಿ ನನ್ನ ಕೈ ಮುಟ್ಟಿದ್ದನ್ನು ಯಾರೂ ತಿನ್ನುವುದಿಲ್ಲ. ಮೂವತ್ತು ವರ್ಷದಿಂದ ಮೇಕೆ ತೊಗಲಿನ ಚೂರು ಬೇಯಿಸಿ ಬಣ್ಣದವರಿಗೆ ಅಂಟು ಮಾಡಿಕೊಡುವವಳು ನಾನು. ಎಷ್ಟು ತಿಕ್ಕಿದರೂ ಆ ನಾತ ಹೋಗುವುದಿಲ್ಲ. ಹಾಗಿದ್ದೂ ಹೇಳುತ್ತೇನೆ, ನನಗೆ ವಾಕರಿಕೆ ತರಿಸಿದ್ದು ಅಂಟಿನ ಹಂಡೆಯಲ್ಲ, ಲತ್ತಾನ್ಸಿಯೊ ಎಂಬ ಚಿತ್ರಗಾರ. ಗುಲಾಬಿ ನೀರು ಚಿಮುಕಿಸಿಕೊಂಡು ಓಡಾಡುತ್ತಿದ್ದ ಆ ಮನುಷ್ಯನ ಹೆಸರೆತ್ತಲೂ ಅಸಹ್ಯ. ಆದರೆ ಗಾರೆಯ ನೂತೊನ ಕಥೆಯನ್ನು ಅವನನ್ನು ಬಿಟ್ಟು ಹೇಳಲು ಬರುವುದಿಲ್ಲ.

ನೂತೊ ಗಾರೆಯವರ ಮನೆಯಲ್ಲೇ ಹುಟ್ಟಿದವನು. ಕುಳ್ಳ, ಮಾತು ಕಡಿಮೆ, ಸುಣ್ಣ ಸಿಡಿದು ಸಿಡಿದು ಎಡಗಣ್ಣು ಯಾವಾಗಲೂ ಕೆಂಪು. ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ಅರಳಿಸಿದ ಮೇಲೆ ಎರಡು ಚಳಿಗಾಲ ಕಳೆಯುವ ತನಕ ಮುಟ್ಟುತ್ತಿರಲಿಲ್ಲ. ಬೇರೆಯವರು ಎರಡೇ ತಿಂಗಳಿಗೆ ತೆಗೆದು ಗೋಡೆಗೆ ಮೆತ್ತುವಾಗ ಇವನು ಗುಂಡಿಯ ಮುಚ್ಚಳದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ.

"ಏನಪ್ಪಾ, ಕೋಳಿ ಥರ ಕಾವು ಕೊಡ್ತಿದ್ದೀಯಾ?" ಎಂದು ನಾನು ರೇಗಿಸಿದರೆ, "ಮರಿ ಆದ್ಮೇಲೆ ನಿಂಗೂ ಒಂದು ಕೊಡ್ತೀನಿ ಬಿಡಕ್ಕಾ" ಎನ್ನುತ್ತಿದ್ದ.

ಹೆಂಡತಿ ಬಾಣಂತಿತನದಲ್ಲೇ ಹೋದಳು. ಉಳಿದವಳು ಮಗಳು ವನ್ನಾ ಒಬ್ಬಳು. ಅಪ್ಪ ಅರಳಿಸಿದ ಸುಣ್ಣವನ್ನು ತೊಳೆದು, ಬಿಲ್ಲೆ ತಟ್ಟಿ, ಬಿಸಿಲಿಗೆ ಒಣಗಿಸಿ ಬಿಳಿ ಬಣ್ಣ ಮಾಡುವುದು ಅವಳ ಕೆಲಸ. ಹಸಿ ಗಾರೆಯ ಮೇಲೆ ಬರೆಯುವ ಚಿತ್ರಕ್ಕೆ ಆ ಸುಣ್ಣದ ಬಿಳಿಯೊಂದೇ ಆಗುವುದು. ಮರದ ಹಲಗೆಗೆ ಬಳಿಯುವ ಸೀಸದ ಬಿಳಿಯನ್ನು ಗೋಡೆಗೆ ಹಾಕಿದರೆ ಅದು ಕಪ್ಪಾಗುತ್ತದೆ. ಇದು ನಮ್ಮ ಬೀದಿಯ ಕತ್ತೆಗೂ ಗೊತ್ತು.

ಊರಿನ ಭಕ್ತರ ಸಂಘವೊಂದು ತನ್ನ ಪ್ರಾರ್ಥನಾ ಮಂದಿರದ ಗೋಡೆಗೆ ಮಾತೆ ಮರಿಯಳು ಹುಟ್ಟಿದ ಚಿತ್ರ ಬರೆಸಿತು. ಗಾರೆ ನೂತೊನದು, ಬಣ್ಣ ಲತ್ತಾನ್ಸಿಯೊನದು. ಚಿತ್ರದಲ್ಲಿ ನೀರಿನ ಬೋಗುಣಿ ಹಿಡಿದ ಹೆಣ್ಣಾಳಿಗೆ ಅವನು ವನ್ನಾಳನ್ನೇ ನಿಲ್ಲಿಸಿ ಕಾಗದದ ಮೇಲೆ ಗೆರೆ ಬರೆದುಕೊಂಡ. ಗೋಡೆಯ ಮೇಲೆ ಅವಳ ಮೈ ಮುಗಿದು ಮುಖವೊಂದು ಬಾಕಿ ಇದ್ದಾಗ ಹುಡುಗಿಗೆ ಜ್ವರ ಬಂತು. ನಾಲ್ಕೇ ದಿನ. ಮಣ್ಣು ಮಾಡಿ ಬಂದ ಸಂಜೆ ನೂತೊ ಚಿತ್ರಗಾರನ ಮುಂದೆ ನಿಂತು, "ಗುರುಗಳೇ, ನಾಳೆ ಗಾರೆ ಹಾಕ್ಕೊಡ್ತೀನಿ. ಅವಳ ಮುಖ ಬರೆದುಬಿಡಿ. ನಂಗೆ ಇನ್ನೇನೂ ಬೇಡ" ಎಂದ.

ಗಾರೆ ಹಸಿ ಇರುವಾಗಲೇ ಬರೆಯಬೇಕು, ಹಾಗಾಗಿ ಒಂದು ದಿನದಲ್ಲಿ ಬರೆದು ಮುಗಿಸುವಷ್ಟಕ್ಕೇ ಆ ದಿನದ ಗಾರೆ. ಅಂದಿನ ಪಾಲು ಬರೀ ಎರಡು ಗೇಣು, ಒಂದು ತಲೆ ಹಿಡಿಸುವಷ್ಟು. ನೂತೊ ಮರಳನ್ನು ಮೂರು ಸಲ ಜರಡಿ ಹಿಡಿದ. ಕರಣೆಯಿಂದ ಅಷ್ಟು ಜಾಗವನ್ನು ಎಷ್ಟು ಹೊತ್ತು ತಿಕ್ಕಿದನೆಂದರೆ ಅಂಟು ಕೊಡಲು ಹೋಗಿದ್ದ ನನಗೇ ನೋಡಲಾಗದೆ ಮುಖ ತಿರುಗಿಸಿದೆ. ತಿಕ್ಕಿ ಮುಗಿಸಿ ಅವಳ ಆತ್ಮಶಾಂತಿಯ ಪೂಜೆಗೆಂದು ಇಗರ್ಜಿಗೆ ಹೋದ. ಸುಣ್ಣದ ಬಿಳಿ ಮುಗಿದಿತ್ತು, ತಟ್ಟುವವಳೇ ಹೋಗಿದ್ದಳಲ್ಲ. ಹೊಸದು ಒಣಗಲು ಎಂಟು ದಿನ ಬೇಕು. ಮಾತೆ ಮರಿಯಳು ಹುಟ್ಟಿದ ಹಬ್ಬ ಹತ್ತಿರ ಬಂದಿತ್ತು, ಅಷ್ಟರೊಳಗೆ ಚಿತ್ರ ಮುಗಿಯಬೇಕಿತ್ತು. ಲತ್ತಾನ್ಸಿಯೊ ಸೀಸದ ಬಿಳಿಯ ಡಬ್ಬಿ ತೆಗೆದ.

"ಗುರುಗಳೇ, ಅದು ಹಲಗೇದಲ್ವಾ?" ಎಂದೆ.

"ನೀನು ಹಂಡೆ ಕಲಕು, ಹೋಗು."

ಮುಖ ಮಾತ್ರ ಥೇಟ್ ವನ್ನಾಳದೇ ಆಯಿತು, ಅದನ್ನು ಇಲ್ಲವೆನ್ನಲಾರೆ. ನೂತೊ ದಿನಾ ಹೋಗಿ ಅದರ ಮುಂದೆ ನಿಂತು ಬರುತ್ತಿದ್ದ. ಚಳಿಗಾಲ ಕಳೆದು ಈಸ್ಟರ್ ಬರುವ ಹೊತ್ತಿಗೆ ಹಣೆ, ಕೆನ್ನೆ, ಮೂಗು ಎಲ್ಲ ಒಲೆಯ ಹಿಂದಿನ ಗೋಡೆಯಂತೆ ಕರ್ರಗಾದವು. ಮಿಕ್ಕ ಚಿತ್ರ ಹಾಗೇ ಹೊಳೆಯುತ್ತಿತ್ತು.

ಸಂಘದ ಹಿರಿಯ ಬರ್ತೊಲೊ ನಮ್ಮನ್ನು ಕರೆಸಿದ. ಲತ್ತಾನ್ಸಿಯೊ ಕರವಸ್ತ್ರ ಮೂಗಿಗೆ ಹಿಡಿದೇ ಬಾಯಿ ಬಿಟ್ಟ. "ಒಡೆಯರೇ, ಪಾಪ, ಅವನದೇನು ತಪ್ಪು? ಮಗಳನ್ನ ಹೂತು ಬಂದ ಕೈ. ಅವತ್ತಿನ ಗಾರೆ ಕೆಟ್ಟಿದೆ, ಅಷ್ಟೆ."

ಥೂ. ಸತ್ತ ಹುಡುಗಿಯ ಹಿಂದೆ ಅವಿತುಕೊಳ್ಳುವ ಗಂಡಸನ್ನು ನಾನು ಅಂದೇ ಮೊದಲು ಕಂಡದ್ದು. ಡಬ್ಬಿಯ ವಿಷಯ ಹೇಳಿದೆ. ಬರ್ತೊಲೊ ಎರಡು ಹೆಜ್ಜೆ ಹಿಂದೆ ಸರಿದು, "ಅಂಟು ಬೇಯಿಸೋಳು ಗುರುಗಳಿಗೆ ಪಾಠ ಹೇಳ್ತಾಳೆ" ಎಂದು ನಕ್ಕ. ಆಮೇಲೆ ನೂತೊನ ಕಡೆ ತಿರುಗಿದ. "ನೋಡು, ತಪ್ಪು ನಂದೇ ಅಂತ ಒಪ್ಕೊ. ಗುರುಗಳು ಆ ಕಪ್ಪಿನ ಮೇಲೇ ಅಂಟಿನ ಬಣ್ಣದಲ್ಲಿ ತಿದ್ದಿಕೊಡ್ತಾರೆ. ನಿನ್ನ ಮಗಳ ಮುಖ ಉಳಿಯತ್ತೆ. ಇನ್ನು ಮುಂದೆ ಇಗರ್ಜಿ ಗೋಡೆ ಮಾತ್ರ ಮುಟ್ಟಬೇಡ. ಒಪ್ಪಲ್ವಾ, ಆ ಜಾಗ ಒಡೆದು ನೋಡೋಣ. ಪುಡಿ ಉದುರಿದ್ರೆ ತಪ್ಪು ನಿಂದು, ಗಟ್ಟಿ ಇದ್ರೆ ಗುರುಗಳದು."

ಒಪ್ಪಿಕೊಂಡುಬಿಡುತ್ತಾನೆಂದೇ ನನಗನ್ನಿಸಿತು. ಒಪ್ಪಿಕೊಳ್ಳಲಿ ಎಂದೂ ಅನ್ನಿಸಿತು. ಆ ಮುಖ ಬಿಟ್ಟರೆ ಅವನಿಗೆ ಇನ್ನೇನಿತ್ತು? ಅವನ ಬಾಯಿ ಅರ್ಧ ತೆರೆದೂ ಇತ್ತು.

ಆಗ ಲತ್ತಾನ್ಸಿಯೊ ಅವನ ಬೆನ್ನು ತಟ್ಟಿದ. "ಕಣ್ಣೀರು ಬೆರೆಸಿದ್ದೀಯೇನೋ ಗಾರೆಗೆ. ಹೋಗ್ಲಿ ಬಿಡು."

ನೂತೊ ಅವನ ಕೈ ತೆಗೆದು ಪಕ್ಕಕ್ಕಿಟ್ಟ. "ನನ್ನ ಮಗಳಿಗೆ ನಾನು ಕೆಟ್ಟ ಗಾರೆ ಹಾಕ್ತೀನಾ?" ಎಂದು ಬರ್ತೊಲೊನನ್ನು ಕೇಳಿದ. "ಉಳಿ ಕೊಡಿ. ಬೇರೆ ಯಾರೂ ಮುಟ್ಟಬಾರದು, ನಾನೇ ಒಡೀತೀನಿ."

ಮೊದಲ ಏಟಿಗೆ ಉಳಿ ಜಾರಿತು. ಎರಡನೆಯದಕ್ಕೂ ಜಾರಿತು. ಹತ್ತು ಏಟಾದರೂ ಹಣೆಯ ಮೇಲೆ ಒಂದು ಬಿಳಿ ಗೀರು ಮಾತ್ರ. "ಸಾಕು, ಗೊತ್ತಾಯ್ತು" ಎಂದು ಬರ್ತೊಲೊ ಗೊಣಗಿದ. ನೂತೊಗೆ ಅದು ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ಹೊಡೆದ. ಬೆರಳ ಗೆಣ್ಣು ಸುಲಿದು ರಕ್ತ ಬಂತು. ಕೊನೆಗೆ ಕೆನ್ನೆ ಒಂದೇ ಚಕ್ಕೆಯಾಗಿ ಎದ್ದಾಗ ಅದರ ಅಂಚನ್ನು ಅವರಿಬ್ಬರ ಮುಂದೆ ಹಿಡಿದ. ಮೇಲೆ ಕೂದಲೆಳೆಯಷ್ಟು ಕಪ್ಪು, ಒಳಗೆಲ್ಲ ಹಾಲಿನ ಬಿಳುಪು, ಕಲ್ಲಿನಷ್ಟು ಗಟ್ಟಿ.

ವನ್ನಾಳನ್ನು ನಿಲ್ಲಿಸಿ ಗೆರೆ ಬರೆದುಕೊಂಡಿದ್ದ ಆ ಕಾಗದವನ್ನಾದರೂ ಅವನಿಗೆ ಕೊಡಿ ಎಂದು ನಾನೇ ಬಾಯಿ ಬಿಟ್ಟು ಕೇಳಿದೆ. "ಅದಾ? ಚಳಿಗಾಲದಲ್ಲಿ ಒಲೆ ಹಚ್ಚೋಕೆ ಹೋಯ್ತು" ಎಂದ ಲತ್ತಾನ್ಸಿಯೊ. ಅವನ ಹೊಸ ಬೂಟಿನ ಮೇಲೆ ಉಗಿದೆ. ಆ ಉಗುಳಿಗೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ.

ಮರುದಿನ ಆ ಒಡೆದ ಜಾಗಕ್ಕೆ ಮತ್ತೆ ಗಾರೆ ಹಾಕಿದವನೂ ನೂತೊನೇ. ಮರಳನ್ನು ಮೂರು ಸಲ ಜರಡಿ ಹಿಡಿದೇ ಹಾಕಿದ. ಲತ್ತಾನ್ಸಿಯೊ ಈ ಸಲ ಸುಣ್ಣದ ಬಿಳಿಯನ್ನೇ ಬಳಸಿದ. ಇಪ್ಪತ್ತು ವರ್ಷವಾಯಿತು, ಆ ಮುಖ ಇನ್ನೂ ಬೆಳ್ಳಗೇ ಇದೆ. ಅದು ಬರ್ತೊಲೊನ ಸೊಸೆಯದು.