ನಮ್ಮ ಯಜಮಾನರ ಮೂರನೆಯ ಹಾಡು

ನಮ್ಮ ಯಜಮಾನರು ನರಸಿಂಹಮೂರ್ತಿ ಕೋಲ್ಕತ್ತದ ಬಿಬಿಡಿ ಬಾಗ್‌ನ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಸಾಧು ಮನುಷ್ಯ. ಸಾರಿಗೆ ಉಪ್ಪು ಮರೆತರೂ ತುಟಿ ಪಿಟಕ್ಕೆನ್ನದೆ ಉಂಡು ಏಳುತ್ತಾರೆ. ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಮೀನು ಮಾರುವವರ ಸಾಲನ್ನು ಮೂಗು ಮುಚ್ಚಿಕೊಂಡೇ ದಾಟುತ್ತಾರೆ. ಇಂಥವರ ಮೇಲೆ ಯಾವ ಹೆಂಡತಿಗೆ ಅನುಮಾನ ಬಂದೀತು? ನನಗೆ ಬಂದದ್ದು ಅನುಮಾನವಲ್ಲ, ಹೊಟ್ಟೆಕಿಚ್ಚು. ಅದೂ ಸತ್ತು ಎಷ್ಟೋ ವರ್ಷವಾದ ಒಬ್ಬ ಹಾಡುಗಾರ್ತಿಯ ಮೇಲೆ.

ಅವಳ ಎಲ್‌ಪಿ ರೆಕಾರ್ಡನ್ನು ಇವರು ಫ್ರೀ ಸ್ಕೂಲ್ ಸ್ಟ್ರೀಟ್‌ನ ಹಳೆಯ ಅಂಗಡಿಯಿಂದ ತಂದಿದ್ದರು. ಕವರಿನ ಮೇಲೆ ಹಳದಿ ಗೌನು ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

"ಸೋಲ್ ಮ್ಯೂಸಿಕ್ ಕಣೇ ತುಳಸಿ. ಅಮೆರಿಕದ ಕಪ್ಪು ಜನರದ್ದು. ಚರ್ಚಲ್ಲಿ ದೇವರನ್ನ ಕರೆದ ಹಾಗೇ ಇವರು ಪ್ರೀತಿಸಿದೋರನ್ನ ಕರೀತಾರೆ" ಅಂದಿದ್ದರು.

ಕರೆಯಲಿ, ನನ್ನ ಗಂಡನನ್ನು ಯಾಕೆ ಕರೆಯಬೇಕು? ಪ್ರತಿ ಭಾನುವಾರ ತಿಂಡಿಯಾದ ಮೇಲೆ ರೆಕಾರ್ಡ್ ಹಾಕಿ ಕೂರುತ್ತಾರೆ. ಆಗ ನಾನು ಮಿಕ್ಸಿ ಹಾಕುವಂತಿಲ್ಲ. ಮೂರನೆಯ ಹಾಡಿಗೆ ಕಣ್ಣಲ್ಲಿ ನೀರು. ನಮ್ಮಪ್ಪ ತೀರಿಕೊಂಡಾಗ ಒಂದು ಹನಿ ಹಾಕದ ಮನುಷ್ಯ! "ರೀ, ನನ್ನ ಹತ್ರಾನೂ ನಾಲ್ಕು ಮಾತಾಡಿ" ಎಂದರೆ, "ಈ ಸೈಡ್ ಮುಗೀಲಿ ತಡಿ" ಅನ್ನುತ್ತಾರೆ. ಮುಗಿದರೆ ತಿರುವಿ ಹಾಕುತ್ತಾರೆ.

ಈ ಸಲ ಮಹಾನವಮಿಯ ದಿನ ಕೆಳಗೆ ದುರ್ಗಾಪೂಜೆಯ ಪೆಂಡಾಲಿನಲ್ಲಿ ಬಂಗಾಳಿಗಳ ಢಾಕ್ ಡೋಲು ಬಡಿಯುತ್ತಿದ್ದರು. ಮೇಲೆ ನಮ್ಮ ಮನೆಯಲ್ಲಿ ಆಯುಧಪೂಜೆ. ಮಿಕ್ಸಿ, ಈಳಿಗೆಮಣೆ, ಸ್ಕೂಟರಿನ ಕೀಲಿ, ಲ್ಯಾಪ್‌ಟಾಪ್, ಎಲ್ಲಕ್ಕೂ ಗಂಧ ಕುಂಕುಮ ಇಟ್ಟೆ. ರೆಕಾರ್ಡ್ ಪ್ಲೇಯರಿಗೂ ಇಟ್ಟೆ. ಆಮೇಲೆ ಅವಳನ್ನು ಕವರಿನಿಂದ ಹೊರಗೆಳೆದೆ. ಇಡುವುದಾದರೆ ನಡುವಿನ ಕಾಗದದ ಮೇಲೆ ಇಡಬಹುದಿತ್ತು. ನಾನು ಹೊರಗಿನ ಅಂಚಿನಿಂದ ಗೆರೆ ಎಣಿಸಿ, ಮೂರನೆಯ ಹಾಡಿನ ಮೇಲೇ ದಪ್ಪಗೆ ಬಳಿದೆ. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವುದಿಲ್ಲವಲ್ಲ, ಗಂಧ ಚೆನ್ನಾಗಿ ಒಣಗಿ ಕಚ್ಚಿಕೊಂಡಿತು.

ವಿಜಯದಶಮಿಯ ಬೆಳಗ್ಗೆ ರೆಕಾರ್ಡ್ ತಿರುಗಿತು. ಮೂರನೆಯ ಹಾಡಿಗೆ ಮುಳ್ಳು ಕರಕರ ಎಂದು ನಿಂತುಬಿಟ್ಟಿತು. ಇವರು ಎತ್ತಿ ನೋಡಿದರು.

"ಇದಕ್ಕೂ ಪೂಜೆನಾ?"

"ಆಯುಧಪೂಜೆ ಅಲ್ವೇನ್ರೀ" ಅಂದೆ.

ನಕ್ಕುಬಿಟ್ಟರು! ಬೈದಿದ್ದರೆ ಸಮಾಧಾನವಾಗುತ್ತಿತ್ತು. ಒದ್ದೆ ಬಟ್ಟೆ ತಂದು ಒಂದು ಗಂಟೆ ಕೂತು ಮೆಲ್ಲಗೆ ಒರೆಸಿದರು, ಮಗುವಿನ ಮುಖ ಒರೆಸಿದ ಹಾಗೆ. ಜ್ವರ ಬಂದು ಮಲಗಿದಾಗ ನನ್ನ ಹಣೆಯನ್ನೂ ಹೀಗೆ ಒರೆಸಿದವರಲ್ಲ. ನನಗೆ ತಡೆಯಲಾಗಲಿಲ್ಲ.

"ಗೊತ್ತಿದ್ದೇ ಮಾಡಿದ್ದು ಕಣ್ರೀ. ನಿಮ್ಮನ್ನ ಅಳಿಸೋ ಆ ಹಾಡು ಹಾಳಾಗಿ ಹೋಗ್ಲಿ ಅಂತ. ಅಂಥದ್ದೇನು ಹೇಳ್ತಾಳೆ ಅವಳು?"

ಅವರು ಬಟ್ಟೆ ಕೆಳಗಿಟ್ಟರು. ಮತ್ತೆ ಮುಳ್ಳಿಟ್ಟರು. ಸುತ್ತಿಗೊಂದು ಸಲ ಟಿಕ್ ಎನ್ನುತ್ತಲೇ ಹಾಡು ಬಂತು. ಅವಳು ಎಳೆದೆಳೆದು ಹಾಡಿದಂತೆ ಇವರು ಕನ್ನಡದಲ್ಲಿ ಹೇಳಿದರು.

"ಅವಳ ಗಂಡನ ಮನಸ್ಸು ಬೇರೆ ಯಾರ ಮೇಲೋ ಇದೆ. ಅದಕ್ಕೆ ಹೇಳ್ತಿದಾಳೆ, ಒಂದೇ ಮನೇಲಿದೀನಿ, ಪಕ್ಕದಲ್ಲೇ ಇದೀನಿ, ಒಂದ್ಸಲ ನನ್ನ ಕಡೆ ತಿರುಗಿ ನೋಡು ಅಂತ."

ನನ್ನ ಮೈ ಉರಿದುಹೋಯಿತು.

"ನಾನೂ ಅದನ್ನೇ ಕೇಳಿದ್ದು ತಾನೇ? ಅವಳು ಕೇಳಿದ್ರೆ ಕಣ್ಣೀರು, ನಾನು ಕೇಳಿದ್ರೆ ತಡಿ ಅಂತೀರಲ್ಲ!"

ಆ ಹಾಡು ಮುಗಿದು ನಾಲ್ಕನೆಯದು ಶುರುವಾಯಿತು, ಐದನೆಯದೂ ಬಂತು. ಇವರ ಕಿವಿ ಅತ್ತ ಹೋಗಲಿಲ್ಲ, ನನ್ನ ಮುಖ ನೋಡುತ್ತಲೇ ಕೂತಿದ್ದರು. ಇಪ್ಪತ್ತೆರಡು ವರ್ಷ ನಾನು ಬಾಯಿಬಿಟ್ಟು ಕೇಳಿದರೂ ಸಿಗದ ನೋಟ ಅದು. ಅದನ್ನೂ ಕೊಡಿಸಿದವಳು ಅವಳೇ ಎನ್ನುವುದು ನನ್ನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿದೆ.